ತೋಡು ಹರಿಯುವಾಗಲೇ ಕಟ್ಟ ಹಾಕಬೇಕು

ಫೆಬ್ರವರಿ ಬಂತೆಂದರೆ ಕಾಸರಗೋಡಿನ ಕುಂಬಡಾಜೆಯಿಂದ ಪೈವಳಿಕೆಯವರೆಗೆ, ತೋಡಿಗೆ (ಹಳ್ಳಕ್ಕೆ) ಅಡ್ಡಲಾಗಿ ಹಾಕುವ ತಾತ್ಕಾಲಿಕ ಒಡ್ಡಿನ, ಅಂದರೆ ಕಟ್ಟದ ಬಗ್ಗೆ ಒಂದೇ ಪ್ರಶ್ನೆ: "ತೋಡಿನಲ್ಲಿ ಇನ್ನೂ ಸ್ವಲ್ಪ ನೀರುಂಟು, ಈಗ ಕಟ್ಟ ಹಾಕಿದರೆ ಮೇ ತನಕ ತೋಟಕ್ಕೆ ಸಾಕಾದೀತಾ?" ಸಾಕಾಗದು. ಪ್ರತಿ ವರ್ಷ ಹೇಳುವ ಉತ್ತರವೂ ಇದೇ.

ಕಟ್ಟವನ್ನು ಟ್ಯಾಂಕಿ ಎಂದು ತಿಳಿಯುವುದರಿಂದಲೇ ಈ ಪ್ರಶ್ನೆ ಹುಟ್ಟುತ್ತದೆ. 10 ಮೀಟರ್ ಅಗಲದ ತೋಡಿಗೆ 2 ಮೀಟರ್ ಎತ್ತರದ ಕಟ್ಟ ಹಾಕಿದಿರಿ, ನೀರು ಹಿಂದಕ್ಕೆ 200 ಮೀಟರ್ ನಿಂತಿತು ಎನ್ನಿ. ಮೇಲಕ್ಕೆ ಹೋದಂತೆ ಆಳ ಕಡಿಮೆಯಾಗುವುದರಿಂದ ನಿಂತದ್ದು ಸುಮಾರು 20 ಲಕ್ಷ ಲೀಟರ್. ಒಂದು ಎಕರೆಯಲ್ಲಿ ಸುಮಾರು 550 ಅಡಿಕೆ ಮರ. ಮರವೊಂದಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಕೊಟ್ಟರೆ ಎಕರೆಗೆ ದಿನಕ್ಕೆ 24,000 ಲೀಟರ್ ಬೇಕು. ತೋಡಿನ ಎರಡೂ ಬದಿ ಸೇರಿ ಹತ್ತು ಎಕರೆ ತೋಟವಿದ್ದರೆ ಎಂಟೇ ದಿನದಲ್ಲಿ ಖಾಲಿ. ಬಿಸಿಲಿಗೆ ಆರುವುದು ಬೇರೆ.

ಹಾಗಾದರೆ ಹಿರಿಯರು ಕಟ್ಟ ಹಾಕುತ್ತಿದ್ದದ್ದು ಯಾಕೆ? ನಮ್ಮ ಗುಡ್ಡಗಳಲ್ಲಿ ಮೇಲೆ ತೂತುತೂತಾದ ಕೆಂಪು ಮುರಕಲ್ಲು, ಅದರಡಿ ನೀರು ಸುಲಭಕ್ಕೆ ಇಳಿಯದ ನುಣುಪು ಶೇಡಿ ಮಣ್ಣು, ಅದಕ್ಕೂ ಕೆಳಗೆ ಕರಿಗಲ್ಲು. ಮುರಕಲ್ಲಿನ ತೂತುಗಳಲ್ಲಿ ಸರಸರ ಇಳಿದ ಮಳೆನೀರು ಶೇಡಿ ಸಿಕ್ಕಿದಲ್ಲಿ ಅಡ್ಡಕ್ಕೆ ತಿರುಗಿ ತೋಡಿನ ಕಡೆಗೆ ಒಸರುತ್ತದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗದಲ್ಲಿ ಸಿಗುವುದೂ ಇದೇ ನೀರು. ತೋಡು ಎಷ್ಟು ತಗ್ಗಿನಲ್ಲಿದೆಯೋ ಗುಡ್ಡ ಅಷ್ಟು ಬೇಗ ಬರಿದಾಗುತ್ತದೆ. ಕಟ್ಟ ಹಾಕಿ ತೋಡಿನ ಮಟ್ಟವನ್ನು 2 ಮೀಟರ್ ಎತ್ತಿದರೆ ಒಸರಿಗೆ ಇಳಿಜಾರು ಕಡಿಮೆಯಾಗಿ ಗುಡ್ಡದ ನೀರು ಗುಡ್ಡದಲ್ಲೇ ತಡೆದು ನಿಲ್ಲುತ್ತದೆ. ಬದಿಯ ಬಾವಿಗಳೂ ಏರುತ್ತವೆ. ಅಂದರೆ ಕಟ್ಟದ ಕೆಲಸ ನಡೆಯುವುದು ಕಣ್ಣಿಗೆ ಕಾಣದ ಕಡೆ. ಫೆಬ್ರವರಿಯ ಹೊತ್ತಿಗೆ ಗುಡ್ಡವೇ ಬಸಿದು ಹೋಗಿರುತ್ತದೆ, ತಡೆಯಲು ಉಳಿದದ್ದಾದರೂ ಏನು?

ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದೊಳಗೆ ಕಟ್ಟ ಏಳಬೇಕು. ನಿಮ್ಮ ಜಾಗ ನೋಡದೆ ಹೇಳುವ ಈ ಲೆಕ್ಕ ಹದಿನೈದು ದಿನ ಆಚೀಚೆ ಆಗಬಹುದು, ಎರಡು ತಿಂಗಳು ಆಗದು. ಹರಿವನ್ನು ನೀವೇ ಅಳೆಯಬಹುದು. 10 ಮೀಟರ್ ನೇರವಾಗಿರುವ ಜಾಗದಲ್ಲಿ ಒಣ ಅಡಿಕೆ ಸಿಪ್ಪೆ ತೇಲಿಬಿಟ್ಟು ಸೆಕೆಂಡು ಎಣಿಸಿ. 1 ಮೀಟರ್ ಅಗಲ, 10 ಸೆಂ.ಮೀ. ಆಳದ ಹರಿವಿನಲ್ಲಿ ಅದು 40 ಸೆಕೆಂಡಿಗೆ ದಾಟಿದರೆ, ತಳದ ತಡೆಗೆ ಶೇ. 30 ಕಳೆದು, ಸೆಕೆಂಡಿಗೆ ಸುಮಾರು 17 ಲೀಟರ್ ಹರಿವಿದೆ. ಸೆಕೆಂಡಿಗೆ 5 ಲೀಟರ್ ಇದ್ದರೂ ಮೇಲೆ ಲೆಕ್ಕ ಹಾಕಿದ ಕಟ್ಟ ಐದು ದಿನಕ್ಕೆ ತುಂಬುತ್ತದೆ. 2 ಲೀಟರಿಗೆ ಇಳಿದ ಮೇಲೆ ಬಂದದ್ದೆಲ್ಲ ಸಂದಿಯಲ್ಲಿ ಸೋರುವುದಕ್ಕೇ ಸರಿ. 40 ಮೀಟರ್ ಎತ್ತರಕ್ಕೆ ದೂಡುವ 5 ಎಚ್‌ಪಿ ಪಂಪೊಂದು ಸೆಕೆಂಡಿಗೆ 4-5 ಲೀಟರ್ ಎಳೆಯುತ್ತದೆ, ಅಂದರೆ ಅಷ್ಟು ಹರಿವೆಲ್ಲ ಒಂದೇ ಪಂಪಿಗೆ ಹೋಗುತ್ತದೆ ಎಂಬುದನ್ನೂ ನೆನಪಿಡಿ.

"ಬೇಗ ಹಾಕಿದರೆ ಹಿಂಗಾರು ಕೊಚ್ಚಿಕೊಂಡು ಹೋಗುತ್ತದಲ್ಲ?" ಈ ಹೆದರಿಕೆ ಸುಳ್ಳಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳಬಲ್ಲದು, ಹಾಗಾಗಿ ಸುರಿದರೆ ಒಮ್ಮೆಲೇ ಸುರಿಯುತ್ತದೆ. ಓಖಿ ಚಂಡಮಾರುತ ಎದ್ದದ್ದು 2017ರ ನವೆಂಬರ್ ಕೊನೆಗೆ. ಆದರೆ ರಭಸದ ಮಳೆ ಹೆಚ್ಚಿದಷ್ಟೂ ಇಂಗುವುದು ಕಡಿಮೆ. 2018ರ ಆಗಸ್ಟಿನಲ್ಲಿ ನೆರೆ ಕಂಡ ಕೇರಳದಲ್ಲಿ ಸೆಪ್ಟೆಂಬರಿಗೇ ಹಲವೆಡೆ ಹೊಳೆ, ಬಾವಿಗಳು ಇಳಿದವು. ಮಳೆಯ ಭಯಕ್ಕೆ ತಡಮಾಡಿದರೆ ನಷ್ಟವೇ ಜಾಸ್ತಿ. ನವೆಂಬರಿನಲ್ಲಿ ಅಡಿಪಾಯ ಮತ್ತು ಅರ್ಧ ಎತ್ತರ ಮುಗಿಸಿ, ಉಳಿದದ್ದನ್ನು ಡಿಸೆಂಬರಿನಲ್ಲಿ ಏರಿಸಿ.

ಕಟ್ಟುವವರಿಗೆ ವಿಧಾನ ಗೊತ್ತೇ ಇದೆ; ಒಡೆಯುವ ಜಾಗ ಮಾತ್ರ ಹೇಳುತ್ತೇನೆ. ಕಟ್ಟ ಹೆಚ್ಚಾಗಿ ಕೈಕೊಡುವುದು ಅಡಿಯಲ್ಲಿ ಮತ್ತು ಕೆನ್ನೆಯಲ್ಲಿ, ಅಂದರೆ ದಡಕ್ಕೆ ತಾಗುವ ಬದಿಗಳಲ್ಲಿ. ತಳದ ಮರಳು, ತರಗೆಲೆ ಪೂರ್ತಿ ತೆಗೆದು ಪಾದೆ (ಬಂಡೆ) ಸಿಕ್ಕಿದ ಮೇಲೆಯೇ ಶುರುಮಾಡಿ. ಪಾದೆ ಸಿಗದಿದ್ದರೆ ಮೇಲ್ಬದಿಗೆ ಎರಡಡಿ ಕಣಿ ತೋಡಿ, ಪ್ಲಾಸ್ಟಿಕ್ ಹಾಳೆಯ ಅಂಚನ್ನು ಅದರಲ್ಲಿ ಹೂತು ಮಣ್ಣು ಮೆಟ್ಟಿ. ಹಾಳೆ ಎರಡೂ ದಡದೊಳಕ್ಕೆ ಮೂರಡಿ ಹೋಗಬೇಕು. ಏಡಿ ಮಾಟೆ (ಬಿಲ) ಗಳನ್ನು ಹುಡುಕಿ ಜೇಡಿಮಣ್ಣು ತುರುಕಿ. ಚೀಲಗಳನ್ನು ಮುಕ್ಕಾಲು ಮಾತ್ರ ತುಂಬಿಸಿ. ಬಿಗಿಯಾಗಿ ತುಂಬಿದ ಚೀಲ ಒಂದಕ್ಕೊಂದು ಕೂರದೆ ಉರುಳುತ್ತದೆ. ಕಟ್ಟದ ನಡುವೆ ಒಂದಡಿ ತಗ್ಗಿಸಿ, ಹೆಚ್ಚಾದ ನೀರು ಹರಿದುಹೋಗಲು ಕೋಡಿ ಬಿಡಿ, ಇಲ್ಲದಿದ್ದರೆ ಹೆಚ್ಚಿದ ನೀರು ದಡ ಕೊರೆದು ಬದಿಯಿಂದ ಹೋಗುತ್ತದೆ.

ಒಂದೇ ಕಟ್ಟಕ್ಕಿಂತ ಸಾಲುಕಟ್ಟ ಒಳ್ಳೆಯದು, ಕಾಸರಗೋಡಿನ ಏತಡ್ಕ ಊರಿನವರು ಮಾಡಿದ ಹಾಗೆ: ಕೆಳಗಿನ ಕಟ್ಟದ ನೀರು ಮೇಲಿನದರ ಬುಡ ಮುಟ್ಟುವಂತೆ. ಅದಕ್ಕೆ ನೆರೆಕರೆಯವರೊಡನೆ ಮಾತಾಡಬೇಕು. ಕಲ್ಲು ಹೊರುವುದಕ್ಕಿಂತ ಅದೇ ಕಷ್ಟ. ಮಾತು ಅಕ್ಟೋಬರಿನಲ್ಲೇ ಮುಗಿಸಿಕೊಳ್ಳಿ. ಮೇ ಮಧ್ಯಕ್ಕೆ ಹಾಳೆ, ಚೀಲ ಬಿಚ್ಚಿ ಒಳಗಿಡಿ. ಬಿಟ್ಟರೆ ಮೊದಲ ನೆರೆಗೆ ಅವೆಲ್ಲ ಕೆಳಗಿನವರ ತೋಟ ಸೇರುತ್ತವೆ, ಮುಂದಿನ ವರ್ಷ ಅವರು ಮಾತುಕತೆಗೂ ಬರುವುದಿಲ್ಲ.