ಬೇವಿನೆಲೆಯ ಬೆಳ್ಳಿಕಣ: ಬ್ಯಾಕ್ಟೀರಿಯಾ ಕೊಲ್ಲುವುದು ಯಾವುದು?

ಬೆಳ್ಳಿಯ ಔಷಧಗುಣ ಹೊಸ ಸುದ್ದಿಯೇನಲ್ಲ. 1880ರ ದಶಕದಲ್ಲೇ ಜರ್ಮನಿಯ ವೈದ್ಯ ಕಾರ್ಲ್ ಕ್ರೆಡೆ ಹಸುಗೂಸುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ, ಹೆರಿಗೆ ವೇಳೆ ತಗಲುವ ಸೋಂಕಿನಿಂದ ಬರುತ್ತಿದ್ದ ಕುರುಡುತನ ತಡೆದಿದ್ದರು. ಆಂಟಿಬಯಾಟಿಕ್‌ಗಳು ಬಂದ ಮೇಲೆ ಮೂಲೆ ಸೇರಿದ್ದ ಬೆಳ್ಳಿ 1960ರ ದಶಕದಲ್ಲಿ ಸುಟ್ಟಗಾಯದ ವಾರ್ಡಿಗೆ ಮರಳಿತು. ಮೊದಲು 0.5% ನೈಟ್ರೇಟ್ ದ್ರಾವಣ, 1968ರಲ್ಲಿ ಸಿಲ್ವರ್ ಸಲ್ಫಾಡಯಜೀನ್ ಮುಲಾಮು.

ಗಿಡಗಳು ಈ ಕಥೆಯೊಳಗೆ ಬಂದದ್ದು ಈ ಶತಮಾನದ ಆರಂಭದಲ್ಲಿ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರ ತಂಡ 2003ರಲ್ಲಿ ಜೆರೇನಿಯಂ ಎಲೆಯಿಂದ, 2004ರಲ್ಲಿ ಬೇವಿನೆಲೆಯಿಂದ ಬೆಳ್ಳಿಕಣ, ಅಂದರೆ ನ್ಯಾನೊಮೀಟರ್ ಅಳತೆಯ ಅತಿ ಸೂಕ್ಷ್ಮ ಬೆಳ್ಳಿಯ ಕಣ, ಮಾಡಿ ತೋರಿಸಿತು. ಸೋಡಿಯಂ ಬೋರೋಹೈಡ್ರೈಡ್‌ನಂಥ ಕಟು ರಾಸಾಯನಿಕ ಬೇಡ, ಒಂದು ಒಲೆ ಸಾಕು. ಈ ಸುಲಭವೇ ವಿಧಾನವನ್ನು ಕಾಲೇಜು ಕಾಲೇಜಿಗೆ ಹರಡಿತು. ತೊಡಕಿನ ಬೇರೂ ಇಲ್ಲೇ ಇದೆ.

ವಿಧಾನ ಹೀಗಿದೆ: ತೊಳೆದು ಹೆಚ್ಚಿದ 20 ಗ್ರಾಂ ಬೇವಿನೆಲೆಯನ್ನು 100 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಐದು ನಿಮಿಷ ಕುದಿಸಿ ಸೋಸಬೇಕು. ಇನ್ನೊಂದೆಡೆ 100 ಮಿ.ಲೀ. ನೀರಿಗೆ 17 ಮಿ.ಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿದರೆ 1 ಮಿಲಿಮೋಲಾರ್ ದ್ರಾವಣ ಸಿದ್ಧ. ಒಂದು ಪಾಲು ಕಷಾಯ, ಒಂಬತ್ತು ಪಾಲು ದ್ರಾವಣ ಬೆರೆಸಿ ಕತ್ತಲಲ್ಲಿಟ್ಟರೆ ಹಳದಿ ಬಣ್ಣ ಕಂದಾಗುತ್ತದೆ. ಬೆಳಕಿನ ಹೀರಿಕೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 400–450 ನ್ಯಾನೊಮೀಟರ್ ತರಂಗಾಂತರದ ನಡುವೆ ಶಿಖರ ಕಾಣುತ್ತದೆ, ಅದು ಬೆಳ್ಳಿಕಣದ ಗುರುತು. ನಲ್ಲಿ ನೀರು ಬಳಸಿದರೆ ಅದರಲ್ಲಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು, ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ. ಎಲೆಯೊಳಗೂ ಕ್ಲೋರೈಡ್ ಇರುತ್ತದೆ: ಹರಳಿನ ರಚನೆ ಗುರುತಿಸುವ ಎಕ್ಸ್-ರೇ ವಿವರ್ತನೆಯಲ್ಲಿ ಬೆಳ್ಳಿಯ 38.1 ಡಿಗ್ರಿಯ ಜೊತೆಗೆ 27.8, 32.2 ಮತ್ತು 46.2ರಲ್ಲಿ ಶಿಖರ ಎದ್ದರೆ ಅದು ಸಿಲ್ವರ್ ಕ್ಲೋರೈಡ್. ಇನ್ನೊಂದು ಮಾತು, ಕಷಾಯ ಗಾಳಿ ತಾಕಿ ತಾನೇ ಕಂದಾಗಬಲ್ಲದು. ಬೆಳ್ಳಿ ಹಾಕದ ಫ್ಲಾಸ್ಕೊಂದನ್ನು ಪಕ್ಕದಲ್ಲಿಡದಿದ್ದರೆ ಬಣ್ಣವನ್ನು ನಂಬುವಂತಿಲ್ಲ.

ಇಷ್ಟೆಲ್ಲ ಆದ ಮೇಲೆ ಬ್ಯಾಕ್ಟೀರಿಯಾ ಕೊಂದದ್ದು ಎಲೆಯೋ, ಕಣವೋ, ಅಥವಾ ಕಣದಿಂದ ಕರಗಿ ಬರುವ ಅಯಾನೋ (ವಿದ್ಯುದಾವೇಶ ಹೊತ್ತ ಬೆಳ್ಳಿಯ ಪರಮಾಣು)? 2012ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಆಮ್ಲಜನಕವಿಲ್ಲದ ಜಾಗದಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸಿದಾಗ ಬೆಳ್ಳಿಕಣಗಳು ನಿರುಪದ್ರವಿಯಾದವು. ಆಮ್ಲಜನಕವಿಲ್ಲದೆ ಕಣ ಕರಗಿ ಅಯಾನು ಬಿಡುವುದಿಲ್ಲ. ಹಾಗಾಗಿ ಕಣವನ್ನು ಅಯಾನಿನ ಉಗ್ರಾಣವೆನ್ನುವುದೇ ಸರಿ. ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕಣ ಬೇರ್ಪಡಿಸಿ) ಎರಡು-ಮೂರು ಬಾರಿ ತೊಳೆಯದಿದ್ದರೆ ಉಳಿದ ಸಿಲ್ವರ್ ನೈಟ್ರೇಟೇ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಇಲ್ಲದ ದೊಡ್ಡ ವಲಯ ಮೂಡಿಸಿ, ಹೆಸರು ಬೇವಿಗೆ ಹೋಗುತ್ತದೆ. ಬರೀ ಕಷಾಯ, ಅಷ್ಟೇ ಬೆಳ್ಳಿಯಿರುವ ನೈಟ್ರೇಟ್, ಕಣ ತೆಗೆದ ಮೇಲಿನ ತಿಳಿ: ಈ ಮೂರರ ಹೋಲಿಕೆಯಿಲ್ಲದ ಪ್ರಬಂಧವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಕಷ್ಟ.

ಬೆಳ್ಳಿಕಣ ಕ್ಯಾನ್ಸರ್ ಕೋಶವನ್ನೂ ಕೊಲ್ಲುತ್ತದೆ ಎನ್ನುವ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಕೋಶ ಬದುಕಿದೆಯೇ ಎಂದು ನೋಡುವ ಎಂಟಿಟಿ ಪರೀಕ್ಷೆಯಲ್ಲಿ ಬದುಕಿರುವ ಕೋಶ ಹಳದಿ ಬಣ್ಣವನ್ನು ನೇರಳೆಗೆ ತಿರುಗಿಸುತ್ತದೆ. ಗಿಡದಲ್ಲಿರುವ ಫೀನಾಲ್ ಎಂಬ ರಾಸಾಯನಿಕಗಳು ಕೋಶವಿಲ್ಲದೆಯೂ ಅದೇ ಕೆಲಸ ಮಾಡಬಲ್ಲವು, ಆಗ ಲೆಕ್ಕ ತಪ್ಪುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಕ್ಯಾನ್ಸರ್ ಕೋಶ ಸತ್ತಿತೆಂದರೆ ಸಾಲದು, ಅದೇ ಪ್ರಮಾಣಕ್ಕೆ ಆರೋಗ್ಯವಂತ ಕೋಶ ಉಳಿಯಿತೇ ಎಂಬುದನ್ನೂ ನೋಡಬೇಕು. ರಕ್ತಕ್ಕೆ ಸೇರಿದ ಕಣಗಳು ಬಹುಪಾಲು ಯಕೃತ್ತು, ಗುಲ್ಮಗಳಲ್ಲಿ ನಿಲ್ಲುತ್ತವೆ. ಬೆಳ್ಳಿ ದೇಹದಲ್ಲಿ ಜಮೆಯಾದರೆ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿಯುತ್ತದೆ. ಕುಡಿಯುವ ಬೆಳ್ಳಿ ದ್ರಾವಣ ಸುರಕ್ಷಿತವೆಂದೂ ಪರಿಣಾಮಕಾರಿಯೆಂದೂ ಮಾನ್ಯವಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ.

ಕೆಲವು ಬ್ಯಾಕ್ಟೀರಿಯಾ ಬೆಳ್ಳಿಗೂ ಬಗ್ಗವು ಎಂಬುದೂ ಹಳೆಯ ಸಂಗತಿ. 1975ರ ವರದಿಯೊಂದರಲ್ಲಿ, ಬಾಸ್ಟನ್ನಿನ ಸುಟ್ಟಗಾಯ ವಾರ್ಡಿನ ಸಾಲ್ಮೊನೆಲ್ಲಾ ಸಿಲ್ವರ್ ನೈಟ್ರೇಟನ್ನು ತಡೆದುಕೊಂಡು ಬೆಳೆದಿತ್ತು.