ಆಲ್ಬಮ್ ಬರುವ ಮೊದಲೇ ಮುಗಿದ ತಂಡ: ಇಂಟರ್‌ನ್ಯಾಷನಲ್ ಸಬ್‌ಮರೀನ್ ಬ್ಯಾಂಡ್

ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ರಾಕ್ ಬೆರೆತ ಕಂಟ್ರಿ-ರಾಕ್‌ನ ಪಾಠವನ್ನು ಹೆಚ್ಚಿನವರು ಬರ್ಡ್ಸ್ ಎಂಬ ಅಮೆರಿಕನ್ ರಾಕ್ ತಂಡದ ಆಲ್ಬಮ್ 'ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ'ದಿಂದ ಶುರುಮಾಡುತ್ತಾರೆ. ಅದೇ 1968ರಲ್ಲಿ, ಅದಕ್ಕೂ ಕೆಲವು ತಿಂಗಳು ಮೊದಲು ಬಂದ, ಇಂಟರ್‌ನ್ಯಾಷನಲ್ ಸಬ್‌ಮರೀನ್ ಬ್ಯಾಂಡ್‌ನ 'ಸೇಫ್ ಅಟ್ ಹೋಮ್'ನಿಂದ ಶುರುಮಾಡಿ ಎನ್ನುತ್ತೇನೆ ನಾನು.

ಹಾರ್ವರ್ಡ್ ಸೇರಿ ಬೇಗನೆ ಓದು ಬಿಟ್ಟ ಗ್ರ್ಯಾಮ್ ಪಾರ್ಸನ್ಸ್ ಕಟ್ಟಿದ ತಂಡ ಇದು. ಅವನಿಗೆ ಕಂಟ್ರಿ ಗಾಯಕರಾದ ಮರ್ಲ್ ಹ್ಯಾಗರ್ಡ್, ಬಕ್ ಓವೆನ್ಸ್ ಹಾಡುಗಳ ಹುಚ್ಚು ಹಿಡಿಸಿದವನು ಗಿಟಾರಿನ ಜಾನ್ ನ್ಯೂಸ್. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದವರು ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ 'ದಿ ಟ್ರಿಪ್' ಸಿನಿಮಾದಲ್ಲಿ ಕಾಣಿಸಿಕೊಂಡರು. ತೆರೆಯ ಮೇಲೆ ನುಡಿಸುವವರು ಇವರು, ಕೇಳಿಸುವ ಸಂಗೀತ ಮಾತ್ರ ಬೇರೆ ತಂಡದ್ದು. ನನಗೆ ಇವತ್ತಿಗೂ ಸಂಕಟವಾಗುವ ವಿಷಯ. ಅಷ್ಟರಲ್ಲಿ ಬಾಸ್ ನುಡಿಸುವ ಇಯಾನ್ ಡನ್‌ಲಾಪ್, ಡ್ರಮ್ಸ್‌ನ ಮಿಕಿ ಗೋವಿನ್ ಹೊರನಡೆದರು.

ಉಳಿದವರು ಹೊಸಬರನ್ನು ಸೇರಿಸಿಕೊಂಡು 1967ರಲ್ಲಿ ಲೀ ಹೇಜಲ್‌ವುಡ್‌ನ ಎಲ್‌ಎಚ್‌ಐ ರೆಕಾರ್ಡ್ ಕಂಪನಿಗೆ ಈ ಆಲ್ಬಮ್ ಹಾಡಿದರು. ನಿರ್ಮಾಪಕಿ ಸೂಜಿ ಜೇನ್ ಹೋಕಮ್. ಇಲ್ಲಿ ಕಿವಿ ಇಡಬೇಕಾದದ್ದು ಜೇಡೀ ಮೆನೆಸ್‌ನ ಪೆಡಲ್ ಸ್ಟೀಲ್ ಗಿಟಾರಿಗೆ. ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ. ಕಾಲಲ್ಲಿ ಪೆಡಲ್ ಒತ್ತಿದರೆ ಕೆಲವು ತಂತಿಗಳ ಸ್ವರ ಮಾತ್ರ ಏರುತ್ತದೆ, ಉಳಿದವು ಇದ್ದಲ್ಲೇ ನಿಲ್ಲುತ್ತವೆ. ನಮ್ಮ ಜಾರು ಗಮಕ ಒಂದೇ ಎಳೆಯಲ್ಲಿ ಸಾಗಿದರೆ, ಇಲ್ಲಿ ಸ್ವರಗಳ ಗುಂಪಿನೊಳಗೇ ಒಂದು ಸ್ವರ ಕದಲುತ್ತದೆ. ಕಂಟ್ರಿಯ ಆ ಅಳುವ ದನಿ ಹುಟ್ಟುವುದು ಹೀಗೆ. ಈ ಆಲ್ಬಮ್ಮಿನ 'ಬ್ಲೂ ಐಸ್' (ನೀಲಿ ಕಣ್ಣುಗಳು) ಹಾಡನ್ನು ಹಾಕಿ ಕೇಳಿ. ಓರಗೆಯವರು ಸೈಕೆಡೆಲಿಕ್ ಸಂಗೀತದ ಭ್ರಮಾಲೋಕದಲ್ಲಿ ತೇಲುತ್ತಿದ್ದ ವರ್ಷ, ಇಪ್ಪತ್ತರ ಹುಡುಗ ಪಾರ್ಸನ್ಸ್ ಮನೆಗೆಲಸ, ಗಡಿಯಾರ, ಪ್ರೀತಿಸುವ ಹೆಂಡತಿಯ ಬಗ್ಗೆ ಬರೆದ. ಅದರಲ್ಲಿ ಕುಹಕ ಒಂದಿಷ್ಟೂ ಇಲ್ಲ.

ಆಲ್ಬಮ್ ಅಂಗಡಿಗೆ ಬರುವ ಹೊತ್ತಿಗೆ ಪಾರ್ಸನ್ಸ್ ಬರ್ಡ್ಸ್ ಸೇರಿಯಾಗಿತ್ತು. ಊರೂರು ತಿರುಗಿ ಹಾಡಲು ತಂಡವೇ ಇರಲಿಲ್ಲ, ಆಲ್ಬಮ್ ಮಾರಾಟವಾಗಲಿಲ್ಲ. ಆದರೆ ಎಲ್‌ಎಚ್‌ಐ ಜೊತೆಗಿನ ಒಪ್ಪಂದ ಸತ್ತಿರಲಿಲ್ಲ. ಪಾರ್ಸನ್ಸ್ ದನಿಯ ಹಕ್ಕು ತನ್ನದೆಂದು ಹೇಜಲ್‌ವುಡ್ ಪಟ್ಟುಹಿಡಿದ. 'ಸ್ವೀಟ್‌ಹಾರ್ಟ್'ನ ಕೆಲವು ಹಾಡುಗಳಲ್ಲಿ ಪಾರ್ಸನ್ಸ್ ದನಿ ಹೋಗಿ ಬರ್ಡ್ಸ್‌ನ ಮುಖ್ಯಸ್ಥ ರೋಜರ್ ಮೆಗ್ವಿನ್ ದನಿ ಬಂತು. ಕಾರಣ ಇದೊಂದೇ ಅಲ್ಲ ಎಂಬ ವಾದವೂ ಇದೆ. ಹಾಗಾಗಿ ಆ ಹೊತ್ತಿನ ಪಾರ್ಸನ್ಸ್ ಪೂರ್ತಿಯಾಗಿ ಸಿಗುವುದು 'ಸೇಫ್ ಅಟ್ ಹೋಮ್'ನಲ್ಲಿ.

ಡನ್‌ಲಾಪ್, ಗೋವಿನ್ ತಮ್ಮ ಹೊಸ ಗುಂಪಿಗೆ ಇಟ್ಟಿದ್ದ 'ಫ್ಲೈಯಿಂಗ್ ಬರಿಟೊ ಬ್ರದರ್ಸ್' ಹೆಸರನ್ನು ಪಾರ್ಸನ್ಸ್ ಮುಂದೆ ತನ್ನ ತಂಡಕ್ಕೆ ಇಟ್ಟುಕೊಂಡ. 1973ರಲ್ಲಿ, 26ನೇ ವಯಸ್ಸಿಗೇ, ತೀರಿಕೊಂಡ. ಈ ಆಲ್ಬಮ್ಮಿನ 'ಲಕ್ಷುರಿ ಲೈನರ್' ಹಾಡನ್ನು ಕಂಟ್ರಿ ಗಾಯಕಿ ಎಮಿಲೂ ಹ್ಯಾರಿಸ್ ಹಾಡಿ, ತನ್ನ ಆಲ್ಬಮ್ಮಿಗೂ ಅದೇ ಹೆಸರಿಟ್ಟಳು. ಎರಡನ್ನೂ ಒಂದರ ಹಿಂದೊಂದು ಕೇಳಿ, ಮೊದಲು ಇವರದ್ದು.