ಚೆಂಡಿಗೆ ಬೆನ್ನು ಹಾಕಿ ಓಡಿದ ವಿಲ್ಲಿ ಮೇಸ್

1954ರ ಸೆಪ್ಟೆಂಬರ್ 29. ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್ ಮೈದಾನದಲ್ಲಿ ಬೇಸ್‌ಬಾಲ್ ವಿಶ್ವ ಸರಣಿಯ ಮೊದಲ ಪಂದ್ಯ. ಜೈಂಟ್ಸ್ ಮತ್ತು ಕ್ಲೀವ್‌ಲ್ಯಾಂಡ್ ತಂಡಗಳು ತಲಾ 2 ರನ್ ಗಳಿಸಿ ಸಮಬಲದಲ್ಲಿದ್ದವು. ಎಂಟನೇ ಇನಿಂಗ್ಸ್‌ನಲ್ಲಿ ಕ್ಲೀವ್‌ಲ್ಯಾಂಡಿನ ವಿಕ್ ವರ್ಟ್ಜ್ ಹೊಡೆದ ಚೆಂಡು ನೇರವಾಗಿ ಸೆಂಟರ್ ಫೀಲ್ಡ್ (ಬ್ಯಾಟರ್‌ನ ನೇರ ಎದುರಿನ ದೂರದ ಭಾಗ) ಕಡೆಗೆ, ಸುಮಾರು 420 ಅಡಿ ದೂರಕ್ಕೆ ಹಾರಿತು. ಬೇರೆ ಬಹುತೇಕ ಮೈದಾನಗಳಲ್ಲಿ ಅದು ನಿಸ್ಸಂದೇಹವಾಗಿ ಹೋಮ್ ರನ್, ಕ್ರಿಕೆಟ್ಟಿನ ಸಿಕ್ಸರಿನಂತೆ ಗೋಡೆ ದಾಟುವ ಹೊಡೆತ. ಉದ್ದನೆಯ ಸ್ನಾನದ ತೊಟ್ಟಿಯ ಆಕಾರದ ಪೋಲೊ ಗ್ರೌಂಡ್ಸ್‌ನಲ್ಲಿ ಮಾತ್ರ ನಡುವಿನ ಗೋಡೆ ಇನ್ನೂ ದೂರದಲ್ಲಿತ್ತು. ಅಲ್ಲಿ ಕಾವಲಿದ್ದ ಜೈಂಟ್ಸ್ ತಂಡದ 23 ವರ್ಷದ ವಿಲ್ಲಿ ಮೇಸ್ ಗಕ್ಕನೆ ತಿರುಗಿ, ಚೆಂಡಿಗೆ ಬೆನ್ನು ಹಾಕಿ, ಗೋಡೆಯತ್ತ ಓಟ ಕಿತ್ತರು. ಕೊನೆಯ ಗಳಿಗೆಯಲ್ಲಿ ತಲೆ ಎತ್ತಿದಾಗ ಚೆಂಡು ಅವರ ಭುಜದ ಮೇಲಿನಿಂದ ಇಳಿದು ಕೈಗವಸಿನೊಳಗೆ ಬಿತ್ತು.

ಅಮೆರಿಕದ ಬೇಸ್‌ಬಾಲ್ ಪ್ರಿಯರು ಇಂದಿಗೂ ಇದನ್ನು ‘ದಿ ಕ್ಯಾಚ್’ ಎಂದೇ ಕರೆಯುತ್ತಾರೆ. ವಿಜ್ಞಾನಿಗಳಿಗೂ ಅದು ಅಷ್ಟೇ ಕುತೂಹಲದ ವಿಷಯವಾಗಬೇಕು ಎಂಬುದು ನನ್ನ ಅನಿಸಿಕೆ.

ಎತ್ತರಕ್ಕೆ ಹೋದ ಚೆಂಡು ಎಲ್ಲಿ ಬೀಳುತ್ತದೆ ಎಂಬುದು ಫೀಲ್ಡರ್‌ಗೆ ಹೇಗೆ ತಿಳಿಯುತ್ತದೆ? ಚೆಂಡಿನ ವೇಗ, ಕೋನ, ಗಾಳಿಯ ತಡೆ ಎಲ್ಲವನ್ನೂ ಮೆದುಳು ಲೆಕ್ಕ ಹಾಕುತ್ತದೆ ಎಂದುಕೊಳ್ಳುವುದು ಸುಲಭ. 1968ರಲ್ಲಿ ಸೆವಿಲ್ ಚಾಪ್ಮನ್ ಎಂಬ ಭೌತವಿಜ್ಞಾನಿ ಇನ್ನೂ ಸರಳವಾದ ಉತ್ತರ ಕೊಟ್ಟರು. ಫೀಲ್ಡರ್‌ನ ಕಣ್ಣಿನಿಂದ ಚೆಂಡಿಗೆ ಒಂದು ಗೆರೆ ಎಳೆಯಿರಿ. ಆ ಗೆರೆ ನೆಲದೊಂದಿಗೆ ಮಾಡುವ ಕೋನ ಚೆಂಡು ಏರಿದಂತೆ ದೊಡ್ಡದಾಗುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟರೆ, ಚೆಂಡು ನೀವು ನಿಂತಲ್ಲಿಗೇ ಬರುವಂತಿದ್ದಾಗ ಆ ಕೋನದ ಟ್ಯಾಂಜೆಂಟ್ (ಚೆಂಡಿನ ಎತ್ತರವನ್ನು ನೆಲದ ಮೇಲಿನ ಅದರ ದೂರದಿಂದ ಭಾಗಿಸಿದ ಸಂಖ್ಯೆ) ಒಂದೇ ಸಮನಾದ ದರದಲ್ಲಿ ಹೆಚ್ಚುತ್ತದೆ. ಹೆಚ್ಚಳದ ದರ ಏರುತ್ತಿದ್ದರೆ ಚೆಂಡು ತಲೆಯ ಮೇಲೆ ದಾಟಿ ಹೋಗುತ್ತದೆ, ಹಿಂದಕ್ಕೆ ಓಡಬೇಕು. ಕುಗ್ಗುತ್ತಿದ್ದರೆ ಮುಂದಕ್ಕೆ. ಆ ದರವನ್ನು ಸಮನಾಗಿ ಇಟ್ಟುಕೊಳ್ಳುವಂತೆ ಓಡುತ್ತಿದ್ದರೆ ಸಾಕು, ಚೆಂಡೂ ಫೀಲ್ಡರೂ ಒಂದೇ ಕಡೆ ಸೇರುತ್ತಾರೆ. ಬೀಳುವ ಜಾಗ ಮೊದಲೇ ಗೊತ್ತಿರಬೇಕಾಗಿಲ್ಲ.

1995ರಲ್ಲಿ ಮೈಕೆಲ್ ಮೆಕ್‌ಬೀತ್ ಮತ್ತು ಸಂಗಡಿಗರು ಪಕ್ಕಕ್ಕೆ ಹೋಗುವ ಚೆಂಡುಗಳಿಗೂ ಹೀಗೆಯೇ ಒಂದು ಸೂತ್ರವನ್ನು ಮುಂದಿಟ್ಟರು: ಆಟಗಾರನ ಕಣ್ಣಿಗೆ ಚೆಂಡು ಸರಳರೇಖೆಯಲ್ಲಿ ಸಾಗುವಂತೆ ಕಾಣಬೇಕು, ಅದಕ್ಕೆ ತಕ್ಕಂತೆ ಅವನು ಓಡುತ್ತಾನೆ. ಹಾರುವ ತಟ್ಟೆಯನ್ನು ಬಾಯಲ್ಲಿ ಹಿಡಿಯುವ ನಾಯಿಗಳ ತಲೆಗೆ ಕ್ಯಾಮೆರಾ ಕಟ್ಟಿ ನೋಡಿದಾಗ ಅವೂ ಇದೇ ದಾರಿ ಹಿಡಿಯುವುದು ಕಂಡುಬಂತು. ಎರಡರಲ್ಲಿ ಯಾವುದು ಹೆಚ್ಚು ಸರಿ ಎಂಬ ವಾದ ಬಹುಕಾಲ ನಡೆದಿದೆ. ಆದರೆ ಎರಡಕ್ಕೂ ಒಂದು ಷರತ್ತು ಇದೆ: ಚೆಂಡಿನ ಮೇಲಿನ ಕಣ್ಣು ಕೀಳಬಾರದು. 1983ರ ವಿಶ್ವಕಪ್ ಫೈನಲ್‌ನಲ್ಲಿ ರಿಚರ್ಡ್ಸ್ ಹೊಡೆತದ ಬೆನ್ನು ಹತ್ತಿ ಓಡಿದ ಕಪಿಲ್ ದೇವ್ ಕೂಡ ಚೆಂಡನ್ನು ನೋಡುತ್ತಲೇ ಓಡಿದ್ದರು.

ಮೇಸ್ ಓಟದ ದೊಡ್ಡ ಭಾಗದಲ್ಲಿ ಚೆಂಡನ್ನು ನೋಡಲೇ ಇಲ್ಲ. ಸಾಲದ್ದಕ್ಕೆ, ಚೆಂಡು ನೇರವಾಗಿ ತಲೆಯ ಮೇಲೇ ಬರುತ್ತಿತ್ತು. ದೂರವನ್ನು ಅಂದಾಜಿಸಲು ಪಕ್ಕದ ಚಲನೆ ನೀಡುವ ಸುಳಿವೂ ಅಲ್ಲಿಲ್ಲ. ಹೀಗಾಗಿ, ಬ್ಯಾಟಿನಿಂದ ಚೆಂಡು ಹೊರಟ ಮೊದಲ ಕ್ಷಣಗಳಲ್ಲೇ ಅದರ ಪಯಣವನ್ನು ಅವರು ಅಂದಾಜಿಸಿರಲೇಬೇಕು. ಏಟಿನ ಸದ್ದೂ ಇದಕ್ಕೆ ನೆರವಾಗುತ್ತದೆ ಎಂದು ಯೇಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಬರ್ಟ್ ಅಡೇರ್ ವಿವರಿಸಿದ್ದರು. ಸರಿಯಾಗಿ ತಗುಲಿದ ಚೆಂಡಿನ ಚಟ್ ಸದ್ದೇ ಬೇರೆ, ಅರೆಬರೆ ತಗುಲಿದ ಮಂದ ಸದ್ದೇ ಬೇರೆ.

ಈ ಅಂದಾಜಿನ ಹಿಂದೆ ಬಾಲ್ಯದಿಂದ ಆಡಿದ ಆಟವಿತ್ತು. ಮೇಸ್ ಹುಟ್ಟಿದ್ದು 1931ರಲ್ಲಿ, ವರ್ಣಭೇದ ಕಟುವಾಗಿದ್ದ ಅಲಬಾಮಾದಲ್ಲಿ. ತಂದೆ ಉಕ್ಕಿನ ಕಾರ್ಖಾನೆಯವರ ತಂಡಗಳಲ್ಲಿ ಆಡಿದವರು, ತಾಯಿ ಓಟ ಮತ್ತು ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಸರು ಮಾಡಿದವರು. ಶಾಲೆಯಲ್ಲಿ ಓದುತ್ತಿರುವಾಗಲೇ, 1948ರಲ್ಲಿ, ಕಪ್ಪು ಜನಾಂಗದವರ ಲೀಗ್‌ನ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡ ಸೇರಿದರು. 1951ರಲ್ಲಿ ಜೈಂಟ್ಸ್‌ಗೆ ಬಂದಾಗ ಮೊದಲ ಮೂರು ಪಂದ್ಯಗಳಲ್ಲಿ ಒಂದೂ ಹಿಟ್ (ಬೇಸ್ ತಲುಪಿಸುವ ಹೊಡೆತ) ಇಲ್ಲ. ಕೆಳಗಿನ ಲೀಗ್‌ಗೆ ವಾಪಸ್ ಕಳಿಸಿಬಿಡಿ ಎಂದು ಅತ್ತ ಹುಡುಗನಿಗೆ, ನನ್ನ ಸೆಂಟರ್ ಫೀಲ್ಡರ್ ನೀನೇ ಎಂದು ತಂಡದ ವ್ಯವಸ್ಥಾಪಕ ಲಿಯೋ ಡ್ಯುರೋಶರ್ ಧೈರ್ಯ ತುಂಬಿದರು. ನಡುವೆ ಸೈನ್ಯದ ಸೇವೆಗಾಗಿ ಸುಮಾರು ಎರಡು ವರ್ಷಗಳ ಆಟ ಹೋಯಿತು. ಆದರೂ ಒಟ್ಟು 660 ಹೋಮ್ ರನ್ ಅವರ ಹೆಸರಿನಲ್ಲಿವೆ.

ಆ ದಿನ ಚೆಂಡು ಸಿಗುವುದರಲ್ಲಿ ತನಗೆ ಅನುಮಾನವಿರಲಿಲ್ಲ, ಓಡುವಾಗಲೇ ಅದನ್ನು ಮರಳಿ ಎಸೆಯುವುದು ಹೇಗೆಂಬ ಯೋಚನೆಯಿತ್ತು ಎಂದು ಮೇಸ್ ನಂತರ ಹೇಳಿದ್ದರು. ಚೆಂಡು ಅಷ್ಟು ದೂರ ಹೋಗಿದ್ದರಿಂದ, ಎರಡನೇ ಬೇಸ್‌ನಲ್ಲಿದ್ದ ಕ್ಲೀವ್‌ಲ್ಯಾಂಡಿನ ಲ್ಯಾರಿ ಡೋಬಿ ಕ್ಯಾಚ್ ಆದ ಮೇಲೂ ಓಡಿ ರನ್ ಗಳಿಸಿಬಿಡಬಹುದಿತ್ತು. ಮೇಸ್ ಹಿಡಿದ ಮರುಕ್ಷಣ ಗಿರಕಿ ಹೊಡೆದು, ಟೋಪಿ ಹಾರಿಬೀಳುವಷ್ಟು ಬಲವಾಗಿ ಎಸೆದರು. ಡೋಬಿ ಮೂರನೇ ಬೇಸ್‌ನಲ್ಲೇ ನಿಂತರು. ಹತ್ತನೇ ಇನಿಂಗ್ಸ್‌ನಲ್ಲಿ ಜೈಂಟ್ಸ್‌ನ ಡಸ್ಟಿ ರೋಡ್ಸ್ ಹೊಡೆದ ಸುಮಾರು 260 ಅಡಿಯ ಚೆಂಡು ಮೈದಾನದ ಗಿಡ್ಡ ಮೂಲೆಯಲ್ಲಿ ಮೂರು ರನ್ ತಂದ ಹೋಮ್ ರನ್ ಆಯಿತು. ಜೈಂಟ್ಸ್ ಪಂದ್ಯವನ್ನು 5-2ರಿಂದಲೂ ಸರಣಿಯನ್ನು 4-0ರಿಂದಲೂ ಗೆದ್ದಿತು.

1958ರಲ್ಲಿ ಆ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. 1960ರಿಂದ ಅವರ ಮನೆಯಂಗಳವಾದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಕೊಲ್ಲಿಯ ಗಾಳಿ ಚೆಂಡನ್ನು ಮನಬಂದಂತೆ ಎಳೆದಾಡುತ್ತಿತ್ತು. ಅಲ್ಲಿ ಮೊದಲ ಕ್ಷಣದ ಅಂದಾಜನ್ನು ನಂಬಿ ಕೂರುವಂತಿರಲಿಲ್ಲ, ನೋಡುತ್ತ ತಿದ್ದಿಕೊಳ್ಳುತ್ತ ಓಡುವ ಚಾಪ್ಮನ್ ಸೂತ್ರದ ದಾರಿಯೇ ದಾರಿ. ಶ್ರೇಷ್ಠ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಮೇಸ್‌ಗೆ ಸತತ 12 ಬಾರಿ ಸಿಕ್ಕಿತು. ಅವುಗಳಲ್ಲಿ 9 ಆ ಗಾಳಿಯ ಮೈದಾನದ ಕಾಲದವು.